ಮೇಪಲ್ ಕ್ಯೂ ಶಾಫ್ಟ್ ಕೈಗೆ ಅಂಟುತ್ತಿದೆ: ಮತ್ತೆ ಉಪ್ಪು ಕಾಗದ ಹಾಕದೆ ಸ್ವಚ್ಛಗೊಳಿಸುವುದು ಹೇಗೆ?

ಎಸ್.ಎಸ್. ಪುರಂ ಆಟಗಾರ, ತುಮಕೂರು

ಎಲ್ಲರಿಗೂ ನಮಸ್ಕಾರ. ಬಿ.ಎಚ್. ರಸ್ತೆಯ ಹತ್ತಿರ, ಅಂಗಡಿಗಳ ಮೇಲಿನ ಮಹಡಿಯಲ್ಲಿರುವ ಒಂದು ಪಾರ್ಲರ್‌ನಲ್ಲಿ ನಾನು ವಾರಕ್ಕೆ ನಾಲ್ಕು ಸಂಜೆ ಪೂಲ್ (ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆಯುವ ಆಟ) ಆಡುತ್ತೇನೆ. ಮೂರು ವರ್ಷ ಅಲ್ಲಿನ ಕ್ಯೂಗಳಲ್ಲೇ ಆಡಿದ ಮೇಲೆ, ಕಳೆದ ಯುಗಾದಿಯ ಹೊತ್ತಿಗೆ ಉಳಿತಾಯದ ಹಣದಲ್ಲಿ ಎರಡು ತುಂಡಿನ ಮೇಪಲ್ ಮರದ ಕ್ಯೂ, ಎಂದರೆ ಆಡುವ ಕೋಲು, ಒಂದನ್ನು ಕೊಂಡೆ. ಮುಂದಿನ ತೆಳು ತುಂಡು ಶಾಫ್ಟ್, ಹಿಂದಿನ ದಪ್ಪ ತುಂಡು ಬಟ್. ಚೆಂಡಿಗೆ ತಾಗುವ ಚರ್ಮದ ತುದಿಯ, ಎಂದರೆ ಟಿಪ್ಪಿನ, ಅಗಲ 13 ಮಿ.ಮೀ. ಕೊಂಡ ದಿನ ಶಾಫ್ಟ್ ಎಷ್ಟು ನುಣುಪಾಗಿತ್ತೆಂದರೆ, ಎಡಗೈ ಬೆರಳುಗಳ ನಡುವೆ ಅದು ಓಡಾಡುವುದೇ ಗೊತ್ತಾಗುತ್ತಿರಲಿಲ್ಲ.

ಆರು ತಿಂಗಳಲ್ಲಿ ಟಿಪ್ಪಿನಿಂದ ಹಿಂದಕ್ಕೆ ಸುಮಾರು ಒಂದು ಅಡಿ ಉದ್ದ ಶಾಫ್ಟ್ ನೀಲಿ ಮಿಶ್ರಿತ ಬೂದು ಬಣ್ಣಕ್ಕೆ ತಿರುಗಿತು. ಬೇಸಿಗೆಯಲ್ಲಿ ಕೈ ಬೆವರಿದಾಗ ಹೊಡೆತದ ಮಧ್ಯದಲ್ಲೇ ಶಾಫ್ಟ್ ಬೆರಳಿಗೆ ಅಂಟಿ ನಿಂತಂತಾಗುತ್ತಿತ್ತು. ಪಾರ್ಲರ್‌ನಲ್ಲಿ ಒಬ್ಬರು ಹೇಳಿದ ಮಾತು ಕೇಳಿ ಹಾರ್ಡ್‌ವೇರ್ ಅಂಗಡಿಯಿಂದ 400ನೇ ನಂಬರಿನ ಉಪ್ಪು ಕಾಗದ ತಂದು ಉಜ್ಜಿದೆ. ನೀಲಿ ಬಣ್ಣವೆಲ್ಲ ಹೋಗಿ ಮರ ಹೊಸದರಂತೆ ಬೆಳ್ಳಗಾಯಿತು, ನನಗೂ ಬಹಳ ಸಂತೋಷವಾಯಿತು. ಆದರೆ ಹತ್ತೇ ದಿನಗಳಲ್ಲಿ ಮೊದಲಿಗಿಂತ ಹೆಚ್ಚು ಕೊಳೆ ಕೂತಿತು. ಮತ್ತೆ ಉಜ್ಜಿದೆ, ಮತ್ತೆ ಕೂತಿತು. ಹೀಗೆ ನಾಲ್ಕು ಸಲ ಆಗಿದೆ. ಕಳೆದ ವಾರ ಸ್ನೇಹಿತರ ವರ್ಕ್‌ಶಾಪಿನಲ್ಲಿ ವರ್ನಿಯರ್ ಹಿಡಿದು ನೋಡಿದರೆ, ಫೆರೂಲ್‌ನಿಂದ (ಟಿಪ್ಪಿನ ಬುಡದಲ್ಲಿರುವ ಬಿಳಿ ಬಳೆ) ನಾಲ್ಕು ಬೆರಳು ಕೆಳಗೆ ಶಾಫ್ಟಿನ ದಪ್ಪ 12.8 ಮಿ.ಮೀ. ಬಂತು. ಫೆರೂಲ್ ಮಾತ್ರ 13ರಲ್ಲೇ ಇದೆ. ಬೆರಳು ಆಡಿಸಿದರೆ ಅವೆರಡೂ ಸೇರುವ ಜಾಗದಲ್ಲಿ ಸಣ್ಣ ಮೆಟ್ಟಿಲು ತಾಕುತ್ತದೆ.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಮರ ಒಣಗಿದಂತಿದೆ, ಎಣ್ಣೆ ಕುಡಿಸಿದರೆ ಸರಿಹೋಗುತ್ತದೆ ಎಂದು ಇನ್ನೊಬ್ಬರು ಹೇಳಿದರು. ನಮ್ಮ ಜಿಲ್ಲೆಯಲ್ಲಿ ಕೊಬ್ಬರಿ ಎಣ್ಣೆಗೇನು ಬರ. ತಿಪಟೂರಿನ ನೆಂಟರ ಮನೆಯಿಂದ ಬಂದಿದ್ದ ಎಣ್ಣೆಯನ್ನು ಬಟ್ಟೆಗೆ ಹಚ್ಚಿ ಪೂರ್ತಿ ಶಾಫ್ಟಿಗೆ ಸವರಿದೆ. ಮೊದಲ ದಿನ ಜಾರಿತು, ಮೂರನೆಯ ದಿನದಿಂದ ಮೊದಲಿಗಿಂತ ಕೆಟ್ಟದಾಗಿ ಅಂಟುತ್ತಿದೆ. ಬೆಳಗಿನ ಚಳಿಯಲ್ಲಿ ಮುಟ್ಟಿದರೆ ಮೇಣ ಸವರಿದಂತೆ ತಡೆಯುತ್ತದೆ.

ಈ ಎಣ್ಣೆಯನ್ನು ತೆಗೆಯುವುದು ಹೇಗೆ, ದಿನನಿತ್ಯ ಶಾಫ್ಟನ್ನು ಮರ ಸವೆಯದಂತೆ ಸ್ವಚ್ಛವಾಗಿ ಇಟ್ಟುಕೊಳ್ಳುವುದು ಹೇಗೆ, ಇನ್ನು ಮುಂದೆ ಉಪ್ಪು ಕಾಗದವನ್ನು ಮುಟ್ಟಲೇಬಾರದೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು. ಹೊಸ ಶಾಫ್ಟ್ ಕೊಳ್ಳುವ ಸ್ಥಿತಿಯಲ್ಲಿ ನಾನು ಸದ್ಯಕ್ಕಿಲ್ಲ.

ಹಳೆಯ ಸ್ನೂಕರ್ ಆಟಗಾರ, ಕೋಲಾರ

ನಮಸ್ಕಾರ. ನೀವು ಅಳತೆ ತೆಗೆದು ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಆ ಅಳತೆಯಲ್ಲೇ ಇದೆ. ಕೊಳೆ ಯಾವತ್ತು ಬೇಕಾದರೂ ತೆಗೆಯಬಹುದು, ಹೋದ ಮರವನ್ನು ಮತ್ತೆ ತುಂಬಲಾಗದು. ದುಂಡನೆಯ ಕೋಲು ಬಾಗದೆ ನಿಲ್ಲುವ ಬಿಗಿ ಅದರ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಲೆಕ್ಕ ಹಾಕಿ ನೋಡಿ: 13 ಮಿ.ಮೀ. ಇದ್ದದ್ದು 12.8 ಆದರೆ ಆ ಜಾಗದ ಬಿಗಿಯಲ್ಲಿ ಶೇ 6ರಷ್ಟು ಹೋಯಿತು. ಹೀಗೇ ಉಜ್ಜುತ್ತಾ 12.5ಕ್ಕೆ ಇಳಿಸಿದರೆ ಶೇ 15ರ ಹತ್ತಿರ ಹೋಗುತ್ತದೆ. ಕಣ್ಣಿಗೆ ಅರ್ಧ ಮಿಲಿಮೀಟರ್ ಕಾಣಿಸುವುದಿಲ್ಲ, ಆದರೆ ಪಕ್ಕಕ್ಕೆ ಸ್ಪಿನ್ ಕೊಟ್ಟು ಹೊಡೆಯುವಾಗ ಬಿಳಿ ಚೆಂಡು ಮೊದಲಿನ ದಾರಿಯಲ್ಲಿ ಹೋಗದು. ಆಟಗಾರನು ತನ್ನ ಕೈಯನ್ನೇ ಅನುಮಾನಿಸಲು ಶುರುಮಾಡುತ್ತಾನೆ. ನಾನು ಇದನ್ನು ಕಣ್ಣಾರೆ ನೋಡಿದ್ದೇನೆ.

ಉಜ್ಜಿದ ಮೇಲೆ ಕೊಳೆ ಬೇಗ ಕೂತದ್ದೇಕೆ ಎಂಬುದು ನಿಮ್ಮನ್ನು ಕಾಡಿರಬೇಕು. ಕಾರ್ಖಾನೆಯಿಂದ ಬರುವಾಗ ಮೇಪಲ್ ಶಾಫ್ಟಿನ ಸಣ್ಣ ರಂಧ್ರಗಳನ್ನು ಸೀಲರ್ ಅಥವಾ ಮೇಣದ ತೆಳುವಾದ ಪದರದಿಂದ ಮುಚ್ಚಿರುತ್ತಾರೆ. ನೀವು ಮೊದಲ ಸಲ ಉಜ್ಜಿದಾಗಲೇ ಆ ಪದರ ಹೋಗಿದೆ. ಅದರ ಮೇಲೆ 400ನೇ ನಂಬರಿನ ಕಾಗದವು ಮರದ ಮೇಲೆ ಬರಿಗಣ್ಣಿಗೆ ಕಾಣದ ಗೀರುಗಳನ್ನು ಬಿಡುತ್ತದೆ. ಗೀರು ಮತ್ತು ತೆರೆದ ರಂಧ್ರ ಎರಡೂ ಸೇರಿ, ಬೆವರು ಮತ್ತು ಟಿಪ್ಪಿಗೆ ಹಚ್ಚುವ ಚಾಕ್‌ನ ನೀಲಿ ಪುಡಿ ಇಳಿದು ಕೂರಲು ಬೇಕಾದ ಎಡೆಯನ್ನು ನೀವೇ ಮಾಡಿಕೊಟ್ಟಂತಾಗಿದೆ.

ಚಾಕ್ ಎಂದೆನಲ್ಲ, ಅದರ ಬಗ್ಗೆಯೂ ಒಂದು ಮಾತು. ನಾವು ಚಾಕ್ ಎಂದು ಕರೆಯುವ ಆ ನೀಲಿ ಗಟ್ಟಿಗೂ ಶಾಲೆಯ ಸೀಮೆಸುಣ್ಣಕ್ಕೂ ಸಂಬಂಧವಿಲ್ಲ. 1897ರಲ್ಲಿ ಅಮೆರಿಕದಲ್ಲಿ ವಿಲಿಯಂ ಸ್ಪಿಂಕ್ಸ್ ಎಂಬ ಬಿಲಿಯರ್ಡ್ಸ್ ಆಟಗಾರರು ಮತ್ತು ವಿಲಿಯಂ ಹಾಸ್ಕಿನ್ಸ್ ಎಂಬ ರಸಾಯನ ತಜ್ಞರು ಸೇರಿ ಪೇಟೆಂಟ್ ಪಡೆದ ಆ ಮಿಶ್ರಣದಲ್ಲಿ ಇದ್ದದ್ದು ಸಿಲಿಕಾ ಮತ್ತು ಅಲ್ಯುಮಿನಿಯಂ ಆಕ್ಸೈಡ್. ಅಂಗಡಿಯಲ್ಲಿ ಸಿಗುವ ಉಪ್ಪು ಕಾಗದಗಳ ಮೇಲೆ ಅಂಟಿಸಿರುವ ಹರಳುಗಳಲ್ಲಿ ಬಹುಪಾಲು ಅದೇ ಅಲ್ಯುಮಿನಿಯಂ ಆಕ್ಸೈಡ್. ಆದ್ದರಿಂದ ಚಾಕ್ ಪುಡಿ ಕೂತ ಕೈಯಿಂದ ಶಾಫ್ಟ್ ಹಿಡಿದು ಗಂಟೆಗಟ್ಟಲೆ ಆಡುವುದೆಂದರೆ ಬಲು ನಯವಾದ ಉಪ್ಪು ಕಾಗದದಿಂದ ಅದನ್ನು ತಿಕ್ಕಿದಂತೆಯೇ. ಟಿಪ್ಪಿಗೆ ಚಾಕ್ ಹಚ್ಚುವಾಗ ಕ್ಯೂವನ್ನು ನೆಟ್ಟಗೆ ನಿಲ್ಲಿಸಿಕೊಂಡು ಹಚ್ಚಿದರೆ ಉದುರಿದ ಪುಡಿಯೆಲ್ಲ ಶಾಫ್ಟಿನ ಉದ್ದಕ್ಕೂ ಇಳಿಯುತ್ತದೆ. ಕ್ಯೂವನ್ನು ಅಡ್ಡ ಹಿಡಿದು, ಮೇಜಿನಿಂದ ಆಚೆ, ಎರಡು ಮೂರು ಸಲ ಮೆಲ್ಲನೆ ಸವರಿದರೆ ಸಾಕು. ಗರಗರ ತಿರುಗಿಸುವ ಅಗತ್ಯವಿಲ್ಲ.

ಇನ್ನು ದಿನನಿತ್ಯದ ಕೆಲಸ. ಎರಡು ಮೈಕ್ರೋಫೈಬರ್ ಬಟ್ಟೆ ಇಟ್ಟುಕೊಳ್ಳಿ, ಒಂದು ಒದ್ದೆಗೆ, ಒಂದು ಒಣಗಿದ್ದಕ್ಕೆ. ಆಟ ಮುಗಿದ ತಕ್ಷಣ, ಕ್ಯೂವನ್ನು ಚೀಲಕ್ಕೆ ಹಾಕುವ ಮೊದಲು, ಒಣ ಬಟ್ಟೆಯಿಂದ ಶಾಫ್ಟನ್ನು ಒತ್ತಿ ಒರೆಸಿ. ಬೆವರು ಇನ್ನೂ ಹಸಿಯಾಗಿರುವಾಗ ಒರೆಸಿದರೆ ಅರ್ಧ ಕೊಳೆ ಅಲ್ಲೇ ಹೋಗುತ್ತದೆ, ರಾತ್ರಿಯಿಡೀ ಬಿಟ್ಟರೆ ಅದು ಒಣಗಿ ಹಿಡಿದುಕೊಳ್ಳುತ್ತದೆ. ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಇನ್ನೊಂದು ಬಟ್ಟೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಇನ್ನು ಒಂದು ಹನಿಯೂ ಬೀಳದು ಎನ್ನುವಷ್ಟು ಬಿಗಿಯಾಗಿ ಹಿಂಡಿ, ಶಾಫ್ಟಿನ ಉದ್ದಕ್ಕೆ ಬೇಗ ಬೇಗ ಒರೆಸಿ. ಬಟ್ಟೆ ನೀಲಿಯಾಗುತ್ತದೆ, ಮಡಿಕೆ ಬದಲಾಯಿಸಿ ಮತ್ತೆ ಒರೆಸಿ. ಅರ್ಧ ನಿಮಿಷಕ್ಕಿಂತ ಹೆಚ್ಚು ಹೊತ್ತು ಮರ ಹಸಿಯಾಗಿರಬಾರದು, ಕೂಡಲೇ ಒಣ ಬಟ್ಟೆಯಿಂದ ಬಿಸಿ ಹತ್ತುವ ತನಕ ತಿಕ್ಕಿ ಒಣಗಿಸಬೇಕು. ಚರ್ಮದ ಟಿಪ್ಪಿಗೂ, ಶಾಫ್ಟಿನ ಹಿಂತುದಿಯಲ್ಲಿ ಬಟ್ ಸೇರುವ ಜಾಗಕ್ಕೂ ನೀರು ತಾಗಿಸಬೇಡಿ. ಟಿಪ್ ಊದಿಕೊಳ್ಳುತ್ತದೆ, ಅಂಟು ಸಡಿಲವಾಗುತ್ತದೆ. ಹಿಂತುದಿಯಲ್ಲಿ ಮರದ ಎಳೆಗಳ ಬಾಯಿ ತೆರೆದಿರುವುದರಿಂದ ಅದು ನೀರನ್ನು ಬೇರೆಲ್ಲ ಕಡೆಗಿಂತ ಬೇಗ ಹೀರುತ್ತದೆ.

ನನ್ನದು ಆಶ್ ಮರದ ಸ್ನೂಕರ್ ಕ್ಯೂ. ಅದರ ಎಳೆ ತೆರೆದದ್ದು, ಬಾಣದ ಮೊನೆಯಂತೆ ಕಾಣುವ ಕಪ್ಪು ಗೆರೆಗಳೆಲ್ಲ ನಿಜಕ್ಕೂ ಸಣ್ಣ ಸಣ್ಣ ತೋಡುಗಳು. ಆದ್ದರಿಂದ ಆಶ್ ಕ್ಯೂವಿಗೆ ಹೇಳುವ ಎಣ್ಣೆಯ ಉಪಚಾರವನ್ನು ಹಾಗೆಯೇ ಮೇಪಲ್‌ಗೆ ತರಬೇಡಿ. ನಿಮಗೆ ಎಣ್ಣೆಯ ಸಲಹೆ ಕೊಟ್ಟವರು ಬಹುಶಃ ಸ್ನೂಕರ್ ಆಟಗಾರರಿಂದ ಅರ್ಧ ಕೇಳಿಸಿಕೊಂಡು ಹೇಳಿದ್ದಾರೆ. ಎಣ್ಣೆ ತೆಗೆಯುವ ಬಗ್ಗೆ ನನಗಿಂತ ಮರಗೆಲಸ ಬಲ್ಲವರು ಹೇಳಿದರೆ ಉತ್ತಮ.

ಮರಗೆಲಸದ ಮನೆ, ಕ್ಯಾತ್ಸಂದ್ರ

ಕೋಲಾರದ ಹಿರಿಯರು ಹೇಳಿದ್ದೆಲ್ಲ ಸರಿಯಾಗಿದೆ. ನಮ್ಮದು ಎರಡು ತಲೆಮಾರಿನಿಂದ ಮರಗೆಲಸ ಮಾಡುವ ಮನೆ, ನಾನು ವಾರಾಂತ್ಯದಲ್ಲಿ ಪೂಲ್ ಆಡುತ್ತೇನೆ, ಆದ್ದರಿಂದ ಎಣ್ಣೆಯ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಎಣ್ಣೆಗಳಲ್ಲಿ ಒಣಗುವ ಎಣ್ಣೆ, ಒಣಗದ ಎಣ್ಣೆ ಎಂದು ಎರಡು ಬಗೆ. ಅಗಸೆ ಎಣ್ಣೆ ಗಾಳಿಯಲ್ಲಿರುವ ಆಮ್ಲಜನಕದ ಜೊತೆ ಸೇರಿ ಕ್ರಮೇಣ ಗಟ್ಟಿಯಾಗಿ ಮರದೊಳಗೇ ತೆಳುವಾದ ಪೊರೆಯಾಗುತ್ತದೆ. ಕ್ರಿಕೆಟ್ ಬ್ಯಾಟಿಗೆ ಅದನ್ನು ಹಚ್ಚುವುದಕ್ಕೂ, ಆಶ್ ಕ್ಯೂವಿಗೆ ವರ್ಷಕ್ಕೆ ಒಂದೆರಡು ಸಲ ಕೆಲವೇ ಹನಿ ಹಚ್ಚಿ ಒರೆಸಿಬಿಡುವುದಕ್ಕೂ ಕಾರಣ ಇದು. ಕೊಬ್ಬರಿ ಎಣ್ಣೆ ಎಷ್ಟು ಕಾಲವಾದರೂ ಹಾಗೆ ಒಣಗುವುದಿಲ್ಲ. ಅದು ಎಣ್ಣೆಯಾಗಿಯೇ ಉಳಿದು ಧೂಳನ್ನೂ ಚಾಕನ್ನೂ ಹಿಡಿದುಕೊಳ್ಳುತ್ತದೆ, ಹಳೆಯದಾದಂತೆ ಕಮಟು ವಾಸನೆ ಹೊಡೆಯುತ್ತದೆ. ಚಳಿಯಲ್ಲಿ ಮೇಣದಂತೆ ತಡೆಯುತ್ತದೆ ಎಂದಿರಿ. 24 ಡಿಗ್ರಿಗಿಂತ ಕೆಳಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನಲ್ಲಿ ನಮ್ಮ ಮನೆಗಳ ಬಚ್ಚಲಿನ ಎಣ್ಣೆ ಡಬ್ಬಿಯಲ್ಲಿ ಬೆರಳು ಹಾಕಿ ಕೆರೆದು ತೆಗೆಯುತ್ತೇವಲ್ಲ, ಅದೇ ಈಗ ನಿಮ್ಮ ಶಾಫ್ಟಿನ ಮೇಲೆ ನಡೆಯುತ್ತಿದೆ.

ತೆಗೆಯುವುದಕ್ಕೆ ಆತುರ ಬೇಡ. ಮೊದಲು ಮೊಬೈಲ್ ರಿಪೇರಿ ಅಂಗಡಿಯವರು ಬೋರ್ಡ್ ತೊಳೆಯಲು ಇಟ್ಟುಕೊಂಡಿರುವ ಐಸೊಪ್ರೊಪೈಲ್ ಆಲ್ಕೊಹಾಲ್ ಎಂಬ ಸ್ಪಿರಿಟ್ಟು ಸ್ವಲ್ಪ ತನ್ನಿ. ಬಿಳಿ ಹತ್ತಿ ಬಟ್ಟೆಗೆ ಅದನ್ನು ಹಾಕಿಕೊಂಡು ಉದ್ದಕ್ಕೆ ಒರೆಸಿ, ಬಟ್ಟೆ ಹಳದಿಯಾದ ಹಾಗೆ ಬದಲಾಯಿಸಿ. ಕಿಟಕಿ ತೆರೆದಿರಲಿ, ಒಲೆ ಅಥವಾ ದೀಪದ ಹತ್ತಿರ ಮಾಡಬೇಡಿ. ಕೈಗೆ ಹಚ್ಚುವ ಸ್ಯಾನಿಟೈಸರನ್ನು ಅದರ ಬದಲು ಬಳಸಬೇಡಿ, ಅವುಗಳಲ್ಲಿ ಅನೇಕದರಲ್ಲಿ ಗ್ಲಿಸರಿನ್ ಇರುತ್ತದೆ, ಅದು ಮತ್ತೊಂದು ಅಂಟು. ಮೇಲಿನ ಎಣ್ಣೆ ಹೋದ ಮೇಲೂ ಒಳಗೆ ಇಳಿದದ್ದು ಎರಡು ದಿನ ಬಿಟ್ಟು ಮೇಲೆ ಬರುತ್ತದೆ. ಅದಕ್ಕೆ ನಮ್ಮ ಮನೆಯಲ್ಲಿ ಮಾಡುವ ಉಪಾಯವೆಂದರೆ ಶಾಲೆಯ ಬಿಳಿ ಸೀಮೆಸುಣ್ಣವನ್ನು ನುಣ್ಣಗೆ ಪುಡಿಮಾಡಿ ಶಾಫ್ಟಿನ ಸುತ್ತ ದಪ್ಪಗೆ ಮೆತ್ತಿ, ಹೀರುವ ಕಾಗದ ಸುತ್ತಿ, ದಾರ ಕಟ್ಟಿ, ಒಂದು ದಿನ ಮಲಗಿಸಿಡುವುದು. ಪುಡಿ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಮರುದಿನ ಬ್ರಷ್‌ನಿಂದ ಕೊಡವಿ ಮತ್ತೊಮ್ಮೆ ಸ್ಪಿರಿಟ್ಟಿನಿಂದ ಒರೆಸಿ. ಎರಡು ಅಥವಾ ಮೂರು ಸಲ ಮಾಡಬೇಕಾದೀತು. ಬರಿ ಕಾಗದ ಒತ್ತಿ ನೋಡಿ. ಕಾಗದದ ಮೇಲೆ ಎಣ್ಣೆಯ ಕಲೆ ಬೀಳದಿದ್ದರೆ ಮುಗಿಯಿತು.

ಆಮೇಲಿನ ಕೆಲಸವೇ ನಿಮ್ಮ ಶಾಫ್ಟಿಗೆ ನುಣುಪು ಕೊಡುವುದು. ಸ್ಪಿರಿಟ್ಟು, ನೀರು ಯಾವುದು ತಾಗಿದರೂ ಮರದ ನಾರು ಸ್ವಲ್ಪ ಎದ್ದು ನಿಲ್ಲುತ್ತದೆ, ಅಂಗೈಗೆ ತರಿತರಿ ಎನಿಸುತ್ತದೆ. ಅದನ್ನು ಕೆರೆದು ತೆಗೆಯಬಾರದು, ಮಲಗಿಸಬೇಕು. ಚನ್ನಪಟ್ಟಣದ ಬೊಂಬೆ ಮಾಡುವವರು ತಿರುಗುವ ಮರದ ಮೇಲೆ ಅರಗು ಹಚ್ಚಿದ ಮೇಲೆ ತಾಳೆಗರಿಯನ್ನು ಒತ್ತಿ ಹಿಡಿದು ಹೊಳಪು ತರುವುದನ್ನು ನೀವು ನೋಡಿರಬಹುದು. ಅಲ್ಲಿ ಉಜ್ಜಾಟದ ಕಾವೇ ಕೆಲಸ ಮಾಡುತ್ತದೆ. ಇಲ್ಲಿಯೂ ಹಾಗೆಯೇ. ಚಪ್ಪಲಿ ಹೊಲಿಯುವವರ ಹತ್ತಿರ ಅಂಗೈ ಅಗಲದ, ಬಣ್ಣ ಹಾಕದ ಚರ್ಮದ ತುಂಡು ಸಿಗುತ್ತದೆ. ಅದರ ನುಣುಪಾದ ಮುಖವನ್ನು ಶಾಫ್ಟಿನ ಸುತ್ತ ಹಿಡಿದು, ಬಟ್ಟನ್ನು ಮೊಣಕಾಲುಗಳ ನಡುವೆ ಭದ್ರಪಡಿಸಿಕೊಂಡು, ಉದ್ದಕ್ಕೆ ಜೋರಾಗಿ, ಬೆರಳಿಗೆ ಬಿಸಿ ತಡೆಯಲಾಗದು ಎನಿಸುವ ತನಕ ಓಡಿಸಿ. ಒಂದು ಕಡೆಯೇ ನಿಲ್ಲಬೇಡಿ. ಐದು ನಿಮಿಷ ಮಾಡಿದ ಮೇಲೆ ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದರೆ, ಮಂಕಾಗಿದ್ದ ಮರ ಗಾಜಿನಂತೆ ಬೆಳಕಿನ ಗೆರೆಯೊಂದನ್ನು ತೋರಿಸುತ್ತದೆ. ಹೀಗೆ ಮಾಡುವಾಗ ಒಂದು ಎಳೆ ಮರವೂ ಸವೆಯುವುದಿಲ್ಲ.

ನಿಮ್ಮ ಶಾಫ್ಟಿನ ಕಾರ್ಖಾನೆಯ ಪದರ ಈಗಾಗಲೇ ಹೋಗಿರುವುದರಿಂದ, ಕೊನೆಯಲ್ಲಿ ಕಾರ್ನೌಬಾ ಎಂಬ ಗಟ್ಟಿ ಸಸ್ಯ ಮೇಣವನ್ನು ಕಡಲೆಕಾಳಿನಷ್ಟು ತೆಗೆದುಕೊಂಡು ಬಟ್ಟೆಯಿಂದ ತೆಳ್ಳಗೆ ಸವರಿ, ಮಂಜು ಮುಸುಕಿದಂತೆ ಕಾಣುವ ತನಕ ಬಿಟ್ಟು, ಮತ್ತೆ ಅದೇ ಚರ್ಮದಿಂದ ಕಾವು ಹತ್ತಿಸಿ. ಕಾವಿಗೆ ಮೇಣ ಕರಗಿ ರಂಧ್ರಗಳಲ್ಲಿ ಕೂರುತ್ತದೆ. ಹೆಚ್ಚಾದದ್ದನ್ನು ಪೂರ್ತಿ ಒರೆಸಿ ತೆಗೆಯಬೇಕು, ಮೇಲೆ ಉಳಿದರೆ ಅಂಟುತ್ತದೆ. ಸಿಲಿಕೋನ್ ಇರುವ ಪೀಠೋಪಕರಣದ ಪಾಲಿಶ್‌ಗಳನ್ನು ಮಾತ್ರ ಹತ್ತಿರ ತರಬೇಡಿ. ಅವು ಮರದೊಳಗೆ ಇಳಿದರೆ ಮುಂದೆ ಯಾವ ಸೀಲರೂ ಅದರ ಮೇಲೆ ಸರಿಯಾಗಿ ಹಿಡಿಯುವುದಿಲ್ಲ.

ಆಶ್ ಕ್ಯೂ ಇರುವವರು ಇದನ್ನು ಓದುತ್ತಿದ್ದರೆ ಅವರಿಗೆ ಒಂದು ಎಚ್ಚರಿಕೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಆ ಎಣ್ಣೆ ಒಣಗುವಾಗ ಹುಟ್ಟುವ ಶಾಖ ಮುದ್ದೆಯೊಳಗೇ ಸೇರಿಕೊಂಡು ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ನಮ್ಮ ತಂದೆಯವರು ಅಂತಹ ಬಟ್ಟೆಯನ್ನು ಹೊರಗೆ ತಂತಿಯ ಮೇಲೆ ಹರಡಿ, ಅದು ಒಣಗಿ ಗಡುಸಾದ ಮೇಲೆಯೇ ಬಿಸಾಡಲು ಬಿಡುತ್ತಿದ್ದರು.

ಒಂಬತ್ತನೇ ಚೆಂಡು, ಚಿಂತಾಮಣಿ

ಇಷ್ಟೆಲ್ಲ ಮಾಡಲು ಸಮಯವಿಲ್ಲದವರಿಗೆ ಪೌಡರ್ ಇದೆಯಲ್ಲ? ನಮ್ಮ ಕಡೆ ಎಲ್ಲರೂ ಕೈಗೆ ಟಾಲ್ಕಂ ಪೌಡರ್ ಹಾಕಿಕೊಂಡೇ ಆಡುತ್ತೇವೆ, ಕೆಲವರು ಕೇರಂ ಪೌಡರ್ ಹಾಕುತ್ತಾರೆ. ಶಾಫ್ಟ್ ಚೆನ್ನಾಗಿಯೇ ಜಾರುತ್ತದೆ. ನನ್ನ ಅಭಿಪ್ರಾಯದಲ್ಲಿ ಮೂಲ ಸಮಸ್ಯೆ ಇರುವುದು ಕೈ ಬೆವರುವುದರಲ್ಲಿ, ಶಾಫ್ಟಿನಲ್ಲಿ ಅಲ್ಲ.

ಹಳೆಯ ಸ್ನೂಕರ್ ಆಟಗಾರ, ಕೋಲಾರ

ಸಮಸ್ಯೆ ಕೈಯಲ್ಲಿದೆ ಎಂಬ ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ, ಪೌಡರನ್ನು ಒಪ್ಪುವುದಿಲ್ಲ. ಬೆವರು ಕಡಿಮೆ ಇರುವ ಮೊದಲ ಹತ್ತು ನಿಮಿಷ ಅದು ಜಾರಿಸುತ್ತದೆ. ಆಮೇಲೆ ಬೆವರಿನಲ್ಲಿ ಕಲೆತು ತೆಳುವಾದ ಹಿಟ್ಟಾಗುತ್ತದೆ, ಆಗ ಮತ್ತಷ್ಟು ಪೌಡರ್ ಬೇಕಾಗುತ್ತದೆ. ಆ ಹಿಟ್ಟು ಶಾಫ್ಟಿನ ಎಳೆಗಳಲ್ಲಿ ಕೂತು ಚಾಕನ್ನು ಹಿಡಿಯುತ್ತದೆ, ಉಳಿದದ್ದು ಮೇಜಿನ ಬಟ್ಟೆಯ ಮೇಲೆ ಅಂಗೈ ಗುರುತಾಗಿ ಉಳಿಯುತ್ತದೆ. ಮೇಜಿನ ಬಟ್ಟೆಯನ್ನು ನೋಡಿಕೊಳ್ಳುವವರ ಕಷ್ಟ ನನಗೆ ಗೊತ್ತು. ಇನ್ನು ಕೇರಂ ಪೌಡರ್ ಎಂದು ಮಾರುವುದು ಬಹುತೇಕ ಬೋರಿಕ್ ಪುಡಿ. ಹಲಗೆಯ ಮೇಲೆ ಕಾಯಿ ಜಾರಿಸಲು ಅದು ಸರಿ, ಅದೇ ಕೈಯಿಂದ ಮಧ್ಯೆ ಮಧ್ಯೆ ಚುರುಮುರಿ ತಿನ್ನುವವರಿಗೆ ಅದು ತಕ್ಕದ್ದಲ್ಲ.

ಬೆವರುವವರಿಗೆ ಸರಿಯಾದ ದಾರಿ ಕೈಗವಸು. ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳನ್ನಷ್ಟೇ ಮುಚ್ಚುವ, ಹಿಗ್ಗುವ ಬಟ್ಟೆಯ ಕೈಗವಸನ್ನು ಬ್ರಿಡ್ಜ್ ಮಾಡುವ, ಎಂದರೆ ಮೇಜಿನ ಮೇಲೆ ಊರಿ ಶಾಫ್ಟಿಗೆ ಆಧಾರ ಕೊಡುವ, ಕೈಗೆ ಹಾಕಿಕೊಂಡರೆ ಬೆವರು ಶಾಫ್ಟನ್ನು ಮುಟ್ಟುವುದೇ ಇಲ್ಲ. ಬಲಗೈ ಆಟಗಾರರು ಎಡಗೈಯದನ್ನು ಕೇಳಿ ಕೊಳ್ಳಬೇಕು. ವಾರಕ್ಕೊಮ್ಮೆ ಅದನ್ನೂ ಒಗೆಯಬೇಕು, ಇಲ್ಲದಿದ್ದರೆ ಕೊಳೆಯನ್ನು ಅದೇ ಶಾಫ್ಟಿಗೆ ದಾಟಿಸುತ್ತದೆ. ಕೈಗವಸು ಒಗ್ಗದವರು ಪ್ರತಿ ಎರಡು ಆಟಕ್ಕೊಮ್ಮೆ ಸೋಪು ಹಾಕಿ ಕೈ ತೊಳೆದು ಪೂರ್ತಿ ಒರೆಸಿಕೊಳ್ಳಲಿ. ನೀರಿನಿಂದಷ್ಟೇ ತೊಳೆದರೆ ಚರ್ಮದ ಜಿಡ್ಡು ಹೋಗುವುದಿಲ್ಲ. ತಿಂಡಿ ತಿಂದು ನೇರ ಮೇಜಿಗೆ ಬರುವುದಂತೂ ಬೇಡ. ತುಮಕೂರಿನವರಿಗೆ ಇದನ್ನು ಒತ್ತಿ ಹೇಳುತ್ತೇನೆ, ಬೆಣ್ಣೆ ಹಾಕಿದ ತಟ್ಟೆ ಇಡ್ಲಿ ತಿಂದ ಬೆರಳನ್ನು ಬರಿ ನೀರಿನಲ್ಲಿ ಅದ್ದಿ ಕ್ಯೂ ಹಿಡಿದರೆ ಅದೂ ಎಣ್ಣೆ ಸವರಿದ ಲೆಕ್ಕವೇ.

ಎಸ್.ಎಸ್. ಪುರಂ ಆಟಗಾರ, ತುಮಕೂರು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಹದಿನೈದು ದಿನ ಹೇಳಿದಂತೆಯೇ ಮಾಡಿ ಈಗ ಬರೆಯುತ್ತಿದ್ದೇನೆ.

ಸ್ಪಿರಿಟ್ಟಿನಲ್ಲಿ ಮೊದಲ ಬಟ್ಟೆ ಎಳೆದಾಗ ಬಂದ ಬಣ್ಣ ನೋಡಿ ನನಗೆ ನಾಚಿಕೆಯಾಯಿತು, ಕಡು ಕಾಫಿಯಂತಿತ್ತು. ಸೀಮೆಸುಣ್ಣದ ಪುಡಿಯನ್ನು ಮೂರು ಸಲ ಕಟ್ಟಿದೆ. ಮೊದಲ ಸಲ ಬಿಚ್ಚಿದಾಗ ಕಾಗದದ ಮೇಲೆ ಉದ್ದಕ್ಕೂ ಎಣ್ಣೆಯ ಪಟ್ಟಿ ಇತ್ತು, ಎರಡನೆಯ ಸಲ ಅಲ್ಲಲ್ಲಿ ಚುಕ್ಕೆ, ಮೂರನೆಯ ಸಲ ಏನೂ ಇರಲಿಲ್ಲ. ಚರ್ಮದ ತುಂಡನ್ನು ಕೋಟೆ ಬೀದಿಯ ಬದಿಯಲ್ಲಿ ಕೂರುವ ಒಬ್ಬ ಹಿರಿಯರು ಹಣ ತೆಗೆದುಕೊಳ್ಳದೆಯೇ ಕೊಟ್ಟರು. ಉಜ್ಜುವಾಗ ಒಂದು ಹಂತದಲ್ಲಿ ಶಾಫ್ಟಿನಿಂದ ಸುಟ್ಟ ಸಕ್ಕರೆಯಂತಹ ನವಿರಾದ ವಾಸನೆ ಬಂತು, ಅಲ್ಲಿಂದ ಮುಂದೆ ಚರ್ಮದ ಶಬ್ದವೇ ಬದಲಾಯಿತು. ಕರಕರ ಎನ್ನುತ್ತಿದ್ದದ್ದು ಸುಯ್ಯೆಂದು ಓಡಲು ತೊಡಗಿತು. ಮೇಣ ಹಾಕಿ ನಿನ್ನೆ ಸಂಜೆ ಆಡಿದೆ. ಮೂರು ಗಂಟೆಯ ಆಟದಲ್ಲಿ ಒಮ್ಮೆಯೂ ಕೈ ತಡೆಯಲಿಲ್ಲ. ಮರದಲ್ಲಿ ತಿಳಿಯಾದ ನೀಲಿ ಛಾಯೆ ಸ್ವಲ್ಪ ಉಳಿದಿದೆ, ಅದು ಕೈಗೆ ತಾಗುವುದಿಲ್ಲವಾದ್ದರಿಂದ ಹಾಗೆಯೇ ಬಿಟ್ಟಿದ್ದೇನೆ.

ಇನ್ನೆರಡು ಪ್ರಶ್ನೆಗಳು ಉಳಿದಿವೆ. ಎಲ್ಲ ಸ್ವಚ್ಛವಾದ ಮೇಲೆ ಟಿಪ್ಪಿನಿಂದ ಒಂದು ಗೇಣು ಹಿಂದೆ ಸಣ್ಣ ತಗ್ಗೊಂದು ಉಗುರಿಗೆ ಸಿಗುತ್ತಿದೆ. ಮೇಜಿನ ಅಂಚಿಗೆ ಯಾವಾಗಲೋ ಬಡಿದಿರಬೇಕು. ಎರಡನೆಯದು, ಬಿಳಿ ಫೆರೂಲ್ ಇನ್ನೂ ನೀಲಿಯಾಗಿಯೇ ಇದೆ. ಆನ್‌ಲೈನಿನಲ್ಲಿ ಗೋಡೆಯ ಕಲೆ ತೆಗೆಯುವ ಬಿಳಿ ಸ್ಪಂಜು ಸಿಗುತ್ತದೆ, ಅದನ್ನು ಶಾಫ್ಟಿಗೂ ಫೆರೂಲಿಗೂ ಬಳಸಬಹುದು ಎಂದು ಪಾರ್ಲರ್‌ನಲ್ಲಿ ಹೇಳುತ್ತಾರೆ. ಈ ಸಲ ಕೇಳದೆ ಏನನ್ನೂ ಮಾಡುವುದಿಲ್ಲ.

ಮರಗೆಲಸದ ಮನೆ, ಕ್ಯಾತ್ಸಂದ್ರ

ನೀಲಿ ಛಾಯೆಯನ್ನು ಬಿಟ್ಟದ್ದು ಒಳ್ಳೆಯ ನಿರ್ಧಾರ. ಅದನ್ನು ಪೂರ್ತಿ ಬಿಳಿ ಮಾಡುವ ಹಟಕ್ಕೆ ಬಿದ್ದವರೇ ಶಾಫ್ಟನ್ನು ತೆಳ್ಳಗೆ ಮಾಡಿಕೊಳ್ಳುವುದು.

ಆ ಬಿಳಿ ಸ್ಪಂಜು ಮೆಲಮಿನ್‌ನಿಂದ ಮಾಡಿದ್ದು. ಮುಟ್ಟಿದರೆ ಮೆತ್ತಗಿದ್ದರೂ ಕೆಲಸ ಮಾಡುವುದು ನಯವಾದ ಉಪ್ಪು ಕಾಗದದಂತೆಯೇ. ಫೆರೂಲ್ ಮೇಲೆ, ಅಪರೂಪಕ್ಕೊಮ್ಮೆ, ಒದ್ದೆ ಮಾಡಿ ಹಿಂಡಿ, ಎರಡು ಸುತ್ತು ಹಾಕಿದರೆ ತೊಂದರೆಯಿಲ್ಲ. ಹಾಗೆ ಮಾಡುವಾಗ ಕೆಳಗಿನ ಮರಕ್ಕೆ ತಾಗದಂತೆ ಕಾಗದದ ಟೇಪ್ ಸುತ್ತಿಕೊಳ್ಳಿ. ಶಾಫ್ಟಿಗೆ ಮಾತ್ರ ಬೇಡ, ನೀವು ಈಗ ಕೂರಿಸಿದ ಮೇಣವನ್ನೆಲ್ಲ ಅದು ಐದು ನಿಮಿಷದಲ್ಲಿ ಎತ್ತಿಬಿಡುತ್ತದೆ.

ತಗ್ಗಿನ ವಿಷಯಕ್ಕೆ ಬಂದರೆ, ಮರದ ನಾರು ಒತ್ತಿಹೋಗಿದೆಯೋ ತುಂಡಾಗಿದೆಯೋ ಎಂದು ಮೊದಲು ನೋಡಬೇಕು. ಓರೆ ಬೆಳಕಿನಲ್ಲಿ ತಗ್ಗು ನುಣುಪಾದ ಬಟ್ಟಲಿನಂತೆ ಕಂಡರೆ ಅದು ಒತ್ತಿದ್ದು, ಮೇಲೆ ಬರುತ್ತದೆ. ಅಂಚು ಸೀಳಿದಂತೆ ಕಂಡರೆ ತುಂಡಾಗಿದೆ, ಅದು ಬರುವುದಿಲ್ಲ. ಒತ್ತಿದ್ದಾದರೆ ಆ ಜಾಗದ ಮೇಣವನ್ನು ಸ್ಪಿರಿಟ್ಟಿನಿಂದ ಒರೆಸಿ ತೆಗೆದು, ಅವರೆಕಾಳಿನಷ್ಟು ಹತ್ತಿಯನ್ನು ನೀರಿನಲ್ಲಿ ಅದ್ದಿ ಹಿಂಡಿ ತಗ್ಗಿನ ಮೇಲಷ್ಟೇ ಇಡಿ. ಹತ್ತು ನಿಮಿಷವಾದ ಮೇಲೆ ಒಲೆಯ ಮೇಲೆ ಬಿಸಿ ಮಾಡಿದ ಸ್ಟೀಲ್ ಚಮಚದ ಬೆನ್ನನ್ನು ಆ ಹತ್ತಿಯ ಮೇಲೆ ಎರಡು ಮೂರು ಕ್ಷಣ ಒತ್ತಿ ತೆಗೆಯಿರಿ. ಚುಸ್ ಎಂದು ಹಬೆ ಏಳಬೇಕು. ಹತ್ತಿ ಒಣಗಿದ ಮೇಲೂ ಒತ್ತಿದರೆ ಮರ ಕಂದುತ್ತದೆ, ಎಚ್ಚರ. ಹಬೆ ಒಳಗೆ ಹೋಗಿ ಒತ್ತಿಹೋದ ನಾರನ್ನು ಉಬ್ಬಿಸುತ್ತದೆ. ಒಂದೇ ಸಲಕ್ಕೆ ಬಾರದಿದ್ದರೆ ಮರುದಿನ ಮತ್ತೆ ಮಾಡಿ, ಅದೇ ದಿನ ಮತ್ತೆ ಮತ್ತೆ ನೀರು ಕುಡಿಸಬೇಡಿ.

ಒಂದು ರಾತ್ರಿ ಒಣಗಿದ ಮೇಲೆ ಆ ಜಾಗ ಅಕ್ಕಪಕ್ಕದ ಮರಕ್ಕಿಂತ ಕೂದಲೆಳೆಯಷ್ಟು ಎತ್ತರ ಬಂದಿರಬಹುದು. ಉಪ್ಪು ಕಾಗದ ಮುಟ್ಟಲೇಬಾರದೇ ಎಂದು ನೀವು ಮೊದಲು ಕೇಳಿದ್ದಿರಲ್ಲ, ಅದಕ್ಕೆ ಉತ್ತರ ಇಲ್ಲಿದೆ: 2000ನೇ ನಂಬರಿನ ಕಾಗದವನ್ನು ಬೆರಳಿನ ತುದಿಯಷ್ಟು ಕತ್ತರಿಸಿಕೊಂಡು, ಆ ಉಬ್ಬಿನ ಮೇಲೆ ಮಾತ್ರ, ಎಳೆಯ ದಿಕ್ಕಿನಲ್ಲಿ ನಾಲ್ಕೈದು ಸಲ ಆಡಿಸಿ ನಿಲ್ಲಿಸಿ. ಆಮೇಲೆ ಚರ್ಮ, ಆಮೇಲೆ ಮೇಣ.

ಫೆರೂಲ್ ಹತ್ತಿರದ ಆ ಮೆಟ್ಟಿಲನ್ನು ಮನೆಯಲ್ಲಿ ಸರಿಮಾಡಲು ಹೋಗಬೇಡಿ. ಅದನ್ನು ಲೇತ್‌ಗೆ (ಮರವನ್ನು ತಿರುಗಿಸುತ್ತಾ ಕಡೆಯುವ ಯಂತ್ರ) ಕಟ್ಟಿ ಫೆರೂಲನ್ನು ಮರದ ಮಟ್ಟಕ್ಕೆ ಇಳಿಸಬೇಕಾಗುತ್ತದೆ, ಕೈಯಲ್ಲಿ ಉಜ್ಜಿದರೆ ಅದು ದುಂಡಗೆ ಉಳಿಯುವುದಿಲ್ಲ. ನಮ್ಮಲ್ಲಿ ಸಣ್ಣ ಲೇತ್ ಇದೆ. ಭಾನುವಾರ ಬೆಳಿಗ್ಗೆ ಬಿಡುವಿದ್ದರೆ ಶಾಫ್ಟನ್ನು ತನ್ನಿ, ತಗ್ಗನ್ನೂ ಆಗಲೇ ನೋಡೋಣ. ಬರುವಾಗ ಬೈಕಿನಲ್ಲಿ ಬಿಸಿಲಿಗೆ ಕಟ್ಟಿಕೊಂಡು ಬರದೆ ಚೀಲದೊಳಗೆ ಹಾಕಿ ತನ್ನಿ, ಮನೆಯಲ್ಲಿಯೂ ಗೋಡೆಗೆ ಒರಗಿಸದೆ ಮಲಗಿಸಿಯೇ ಇಡಿ.